ಒಂದೇ ಲೈಬ್ರರಿಯ ಎರಡು ವರ್ಷನ್ ಜಗಳ: ವೆನ್ವ್, ಯುವಿ, ಕಾಂಡಾ, ಡಾಕರ್‌ನಲ್ಲಿ ಯಾವುದು ಯಾರಿಗೆ?

ನಿನ್ನೆ ತನಕ ಚೆನ್ನಾಗಿ ಓಡುತ್ತಿದ್ದ ಪೈಥಾನ್ ಪ್ರೋಗ್ರಾಂ ಇವತ್ತು ಏಳುತ್ತಲೇ ಇಲ್ಲ. ನೀವು ಕೋಡ್ ಮುಟ್ಟಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಒಂದು ಪ್ಯಾಕೇಜ್ ಹಾಕಿಕೊಂಡಿರಿ, ಅಷ್ಟೇ. ಅದು ಬರುವಾಗ ಲೆಕ್ಕಾಚಾರದ ಲೈಬ್ರರಿ ನಂಪೈಯ ಹೊಸ ವರ್ಷನ್ ಅನ್ನೂ ಎಳೆದುಕೊಂಡು ಬಂತು. ಈಗ ಹಳೆ ಪ್ರೋಗ್ರಾಂ ಇಂಪೋರ್ಟ್ ಸಾಲಿನಲ್ಲೇ ಮುಗ್ಗರಿಸುತ್ತಿದೆ.

ಯಾರನ್ನೇ ಕೇಳಿ, ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ವೆನ್ವ್ ಮಾಡಿಕೊಳ್ಳಿ, ಪ್ರತಿ ಪ್ರಾಜೆಕ್ಟಿನ ಪ್ಯಾಕೇಜಿಗೂ ಬೇರೆ ಕೋಣೆ. ಕಾಂಡಾಗೆ ಬನ್ನಿ, ಪೈಥಾನ್ ಹೊರಗಿನ ಲೈಬ್ರರಿಗಳನ್ನೂ ಅದೇ ತರುತ್ತದೆ. ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲಾ ಒಂದೇ ಡಬ್ಬಿಯಲ್ಲಿ ಕಟ್ಟುವ ಡಾಕರ್‌ಗೆ ಹಾಕಿಬಿಡಿ, ತಲೆನೋವೇ ಇಲ್ಲ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪ್ರತಿಯೊಂದೂ ಬೇರೆ ಬೇರೆ ಕಾಯಿಲೆಯ ಮದ್ದು. ಜಗಳ ಎಲ್ಲಿದೆ ಅಂತ ಮೊದಲು ನೋಡಬೇಕು. ಆಮೇಲೆ ಅದನ್ನು ತಡೆಯುವಷ್ಟೇ ಎತ್ತರದ ಗೋಡೆ ಕಟ್ಟಿಕೊಂಡರೆ ಸಾಕು. ಅನಗತ್ಯವಾಗಿ ದೊಡ್ಡ ಗೋಡೆ ಕಟ್ಟಿದರೆ ಅದನ್ನು ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ.

ಉದಾಹರಣೆಗೆ ನಂಪೈಯನ್ನೇ ಇಟ್ಟುಕೊಳ್ಳುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಜನರ ನಿದ್ದೆ ಕೆಡಿಸಿದ ವರ್ಷನ್ ಜಗಳ ಅದರದೇ ಇರಬೇಕು.

ನಂಪೈ 2 ಯಾಕೆ ಇಷ್ಟು ಗಲಾಟೆ ಮಾಡಿತು

ನಂಪೈ 1.0 ಬಂದದ್ದು 2006ರಲ್ಲಿ. ಆಮೇಲೆ ಮೊದಲ ಅಂಕಿ ಬದಲಾದದ್ದು 2024ರ ಜೂನ್ 16ರಂದು, 2.0 ಬಿಡುಗಡೆಯಾದಾಗ. ಈ ಸಲ ಬದಲಾದದ್ದು ಫಂಕ್ಷನ್‌ಗಳ ಹೆಸರು ಮಾತ್ರ ಅಲ್ಲ. ನಂಪೈಯ ಒಳಗಿನ ಸಿ ಭಾಷೆಯ ರಚನೆಗಳೇ ಬದಲಾದವು. ಪಾಂಡಾಸ್, ಸೈಪೈ, ಸೈಕಿಟ್‌ಲರ್ನ್‌ನಂಥ ಲೈಬ್ರರಿಗಳಲ್ಲಿ ಸಿ ಕೋಡ್ ಇರುತ್ತದೆ. ಅದು ನಂಪೈಯ ಆ ರಚನೆಗಳನ್ನು ನೇರವಾಗಿ ನೋಡುತ್ತದೆ. ಹಾಗಾಗಿ 1.x ಇಟ್ಟುಕೊಂಡು ಕಂಪೈಲ್ ಮಾಡಿದ ಲೈಬ್ರರಿ 2.x ಜೊತೆ ಓಡುವುದಿಲ್ಲ.

ಆಗ ಬರುವ ಎರರ್ ತುಂಬಾ ಜನರಿಗೆ ಪರಿಚಯ. ಡೇಟಾದ ಬಗೆ ಹೇಳುವ ನಂಪೈ ಡಿಟೈಪ್‌ನ ಸೈಜ್ ಬದಲಾಗಿದೆ, ಸಿ ಹೆಡರ್ ಪ್ರಕಾರ 96 ಇರಬೇಕಿತ್ತು, ಸಿಕ್ಕಿದ್ದು 88 ಅನ್ನುತ್ತದೆ. ನೋಡಿದರೆ ಏನೋ ಮೆಮೊರಿ ಹಾಳಾಗಿದೆ ಅನ್ನಿಸುತ್ತದೆ. ಹಾಗೇನಿಲ್ಲ. ಕಂಪೈಲ್ ಆದಾಗ ಒಂದು ರಚನೆ 96 ಬೈಟ್ ಅಂತ ನಂಬಿದ್ದ ಲೈಬ್ರರಿಗೆ ಓಡುವ ಹೊತ್ತಿಗೆ 88 ಬೈಟಿನದು ಸಿಕ್ಕಿದೆ. ಅದಕ್ಕೇ ಮುಂದೆ ಹೋಗಲು ಒಪ್ಪುತ್ತಿಲ್ಲ. ಒಪ್ಪದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಸದ್ದಿಲ್ಲದೆ ತಪ್ಪು ಲೆಕ್ಕ ಬರುತ್ತಿತ್ತು.

ಎರಡೂ ವರ್ಷನ್ ಹಾಕಿಟ್ಟುಕೊಂಡು, ಬೇಕಾದವರಿಗೆ ಬೇಕಾದ್ದು ಕೊಟ್ಟರಾಯಿತಲ್ವಾ ಅಂತ ಕೇಳಬಹುದು. ನೋಡ್ ಜೆಎಸ್‌ನಲ್ಲಿ ಅದು ನಡೆಯುತ್ತದೆ. ಎನ್‌ಪಿಎಂ ಒಂದು ಪ್ಯಾಕೇಜಿನ ಒಳಗೇ ಅದಕ್ಕೆ ಬೇಕಾದ ವರ್ಷನ್ ಅನ್ನು ಬೇರೆಯಾಗಿ ಇಡಬಲ್ಲದು. ಪೈಥಾನ್‌ನಲ್ಲಿ ಆಗುವುದಿಲ್ಲ. ಒಂದು ಪ್ರೋಗ್ರಾಂ ಓಡುತ್ತಿರುವಾಗ ಒಂದು ಹೆಸರಿಗೆ ಒಂದೇ ಮಾಡ್ಯೂಲ್. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಯಾವ ನಂಪೈ ಮೊದಲು ಸಿಕ್ಕಿತೋ ಆ ಹೆಸರಿನ ಸೀಟು ಅದರದ್ದು. ಆಮೇಲೆ ಯಾವ ಫೈಲ್ ಯಾವ ಮೂಲೆಯಲ್ಲಿ ನಂಪೈ ಇಂಪೋರ್ಟ್ ಮಾಡಿದರೂ ಸಿಗುವುದು ಅದೇ.

ಮೊದಲು ನೋಡಬೇಕಾದ್ದು: ಯಾವ ಪ್ರತಿ ಸಿಗುತ್ತಿದೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಬಗೆಹರಿಯುತ್ತವೆ, ಯಾವ ಹೊಸ ಟೂಲ್ ಕೂಡ ಬೇಕಾಗುವುದಿಲ್ಲ.

ಉಬುಂಟು 22.04 ಇರುವ ಮಷಿನ್ ತೆಗೆದುಕೊಳ್ಳಿ. ಅದರ ಪೈಥಾನ್ 3.10. ಉಬುಂಟುವಿನದೇ ಪ್ಯಾಕೇಜ್ ಟೂಲ್ ಆಪ್ಟ್ ಮೂಲಕ ನಂಪೈ ಹಾಕಿದರೆ ಬರುವುದು 1.21.5, ಅದು ಸಿಸ್ಟಂನ ಡಿಸ್ಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಕೂರುತ್ತದೆ. ಯಾರೋ ಸುಡೊ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಪೈಥಾನ್‌ನ ಪ್ಯಾಕೇಜ್ ಟೂಲ್ ಪಿಪ್‌ನಿಂದ ಇನ್ನೊಂದು ಹಾಕಿದರೆ ಅದು ಯುಎಸ್‌ಆರ್ ಲೋಕಲ್ ಒಳಗೆ ಹೋಗುತ್ತದೆ. ಸುಡೊ ಇಲ್ಲದೆ ಹಾಕಿದರೆ ನಿಮ್ಮ ಹೋಮ್ ಫೋಲ್ಡರಿನ ಡಾಟ್ ಲೋಕಲ್ ಒಳಗೆ. ಒಂದೇ ಮಷಿನ್, ಒಂದೇ ಪೈಥಾನ್, ಮೂರು ನಂಪೈ. ಹುಡುಕುವ ಕ್ರಮದಲ್ಲಿ ಡಾಟ್ ಲೋಕಲ್ ಮೊದಲು, ಯುಎಸ್‌ಆರ್ ಲೋಕಲ್ ಆಮೇಲೆ, ಆಪ್ಟ್ ಹಾಕಿದ್ದು ಕೊನೆಗೆ. ಅದಕ್ಕೇ ಸುಡೊ ಹಾಕಿ ಓಡಿಸಿದರೆ ಸರಿ, ಹಾಕದಿದ್ದರೆ ಎರರ್ ಅನ್ನುವ ವಿಚಿತ್ರ ಕಾಣಿಸುತ್ತದೆ. ರೂಟ್ ಯೂಸರ್‌ಗೆ ನಿಮ್ಮ ಡಾಟ್ ಲೋಕಲ್ ಕಾಣುವುದಿಲ್ಲ.

ಪತ್ತೆ ಮಾಡುವುದು ಸುಲಭ. ಎರರ್ ಬರುತ್ತಿರುವ ಆ ಪೈಥಾನ್‌ನಲ್ಲೇ ನಂಪೈ ಇಂಪೋರ್ಟ್ ಮಾಡಿ, ಅದರ ವರ್ಷನ್ ಮತ್ತು ಫೈಲ್ ಎರಡನ್ನೂ ಪ್ರಿಂಟ್ ಮಾಡಿ. ಎರಡೂ ಹೆಸರುಗಳ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರಲಿ. ಫೈಲ್‌ನ ದಾರಿ ನೋಡಿದರೆ ಯಾವ ಫೋಲ್ಡರಿನ ಪ್ರತಿ ಅಂತ ಗೊತ್ತಾಗುತ್ತದೆ. ಇಂಪೋರ್ಟೇ ಆಗುತ್ತಿಲ್ಲವಾದರೆ "ಪಿಪ್ ಶೋ ನಂಪೈ" ಹಾಕಿ, ಲೊಕೇಶನ್ ಸಾಲು ನೋಡಿ. ಆದರೆ ಬರೀ ಪಿಪ್ ಅನ್ನಬೇಡಿ, "ಪೈಥಾನ್3 -ಎಂ ಪಿಪ್" ಅನ್ನಿ. ಬರೀ ಪಿಪ್ ಯಾವ ಪೈಥಾನ್‌ಗೆ ಸೇರಿದ್ದು ಅಂತ ಹೇಳುವವರು ಯಾರು? 3.8, 3.10, 3.12 ಮೂರೂ ಇರುವ ಮಷಿನ್‌ನಲ್ಲಿ ಪಿಪ್ ಒಂದಕ್ಕೆ ಹಾಕುತ್ತಿರುತ್ತದೆ, ನೀವು ಇನ್ನೊಂದರಲ್ಲಿ ಓಡಿಸುತ್ತಿರುತ್ತೀರಿ. ವಿಂಡೋಸ್‌ನಲ್ಲಾದರೆ "ಪಿವೈ -0" ಹಾಕಿ, ಎಷ್ಟು ಪೈಥಾನ್ ಇದೆ ಅಂತ ಪಟ್ಟಿ ಕೊಡುತ್ತದೆ.

ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಇನ್ನೂ ಒಂದು ಬಲೆ ಇದೆ. ಟರ್ಮಿನಲ್‌ನಲ್ಲಿ ಸರಿ ಇದೆ, ನೋಟ್‌ಬುಕ್‌ನಲ್ಲಿ ಇಲ್ಲ ಅಂದರೆ ಅದರ ಕೋಡ್ ಓಡಿಸುವ ಕರ್ನಲ್ ಬೇರೆ ಪೈಥಾನಿನದು. ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿದರೆ ಸತ್ಯ ಹೊರಬರುತ್ತದೆ. ನೋಟ್‌ಬುಕ್ ಸೆಲ್‌ನಿಂದಲೇ ಇನ್‌ಸ್ಟಾಲ್ ಮಾಡುವಾಗ ಆಶ್ಚರ್ಯಸೂಚಕ ಚಿಹ್ನೆಯ ಬದಲು ಶೇಕಡಾ ಚಿಹ್ನೆ ಹಾಕಿ ಪಿಪ್ ಕರೆಯಿರಿ, ಆಗ ಅದು ಆ ಕರ್ನಲ್‌ನ ಪೈಥಾನ್‌ಗೇ ಹೋಗುತ್ತದೆ. ಹಾಕಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಲೇಬೇಕು. ಮೊದಲೇ ಇಂಪೋರ್ಟ್ ಆದ ಹಳೆಯದು ಸೀಟು ಬಿಟ್ಟು ಏಳುವುದಿಲ್ಲ.

ಇನ್ನೆರಡು ಕಳ್ಳರನ್ನು ಹೇಳಿಬಿಡುತ್ತೇನೆ. ಒಂದು, ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲೇ ನೀವು ಪ್ರಯೋಗಕ್ಕೆ ಬರೆದಿಟ್ಟ, ನಂಪೈ ಅನ್ನುವ ಹೆಸರಿನ ಫೈಲ್. ಪೈಥಾನ್ ಮೊದಲು ನೋಡುವುದೇ ಆ ಫೋಲ್ಡರನ್ನು. ಇನ್ನೊಂದು, ಪೈಥಾನ್‌ಪಾತ್ ಅನ್ನುವ ಎನ್‌ವಿರಾನ್‌ಮೆಂಟ್ ವೇರಿಯಬಲ್. ಆರ್‌ಒಎಸ್‌ನಂಥ ರೋಬಾಟಿಕ್ಸ್ ಸಾಫ್ಟ್‌ವೇರ್ ತನ್ನ ಸೆಟಪ್ ಫೈಲಿನಲ್ಲಿ ಇದನ್ನು ಹಾಕಿಬಿಡುತ್ತದೆ. ಒಮ್ಮೆ ಹಾಕಿದರೆ ಅದು ನೀವು ಮಾಡಿಕೊಂಡ ವೆನ್ವ್ ಒಳಗೂ ನುಗ್ಗುತ್ತದೆ, ಅದೂ ವೆನ್ವ್‌ನ ಪ್ಯಾಕೇಜುಗಳಿಗಿಂತ ಮುಂದೆ.

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು

ಹೆಚ್ಚಿನವರು ಮೊದಲು ಮಾಡುವುದು ಇದನ್ನೇ. ಬೇಡ ಅನ್ನುವುದಿಲ್ಲ, ಆದರೆ ಅರ್ಧಕ್ಕೆ ನಿಲ್ಲಿಸುತ್ತಾರೆ. ಪಿಪ್ ಅನ್‌ಇನ್‌ಸ್ಟಾಲ್ ಒಂದು ಸಲಕ್ಕೆ ಒಂದೇ ಪ್ರತಿ ತೆಗೆಯುತ್ತದೆ, ಮೊದಲು ಕಂಡದ್ದನ್ನು. ಅದರ ಹಿಂದೆ ಅಡಗಿದ್ದ ಇನ್ನೊಂದು ಆಗ ಮುಂದೆ ಬರುತ್ತದೆ. ತೆಗೆದರೂ ಹೋಗಿಲ್ಲವಲ್ಲ ಅಂತ ನೀವು ತಲೆ ಕೆರೆದುಕೊಳ್ಳುತ್ತೀರಿ. ಇನ್‌ಸ್ಟಾಲ್ ಆಗಿಲ್ಲ ಅನ್ನುವ ತನಕ ಮತ್ತೆ ಮತ್ತೆ ಹಾಕಬೇಕು. ಆಪ್ಟ್ ಹಾಕಿದ್ದನ್ನು ಮಾತ್ರ ಪಿಪ್‌ನಿಂದ ತೆಗೆಯಲು ಹೋಗಬೇಡಿ, ಸಿಸ್ಟಂನ ಬೇರೆ ಪ್ರೋಗ್ರಾಂಗಳು ಅದನ್ನು ನಂಬಿಕೊಂಡಿರುತ್ತವೆ.

ಒಂದು ಕಡೆ ಮಾತ್ರ ಇದೇ ಸರಿಯಾದ ಮದ್ದು, ಬೇರೆ ಯಾವ ಗೋಡೆಯೂ ಉಪಯೋಗಕ್ಕೆ ಬರುವುದಿಲ್ಲ: ಚಿತ್ರ, ವಿಡಿಯೋ ಕೆಲಸದ ಲೈಬ್ರರಿ ಓಪನ್‌ಸಿವಿ. ಪಿಪ್‌ನಲ್ಲಿ ಅದಕ್ಕೆ ನಾಲ್ಕು ಪ್ಯಾಕೇಜ್ ಇದೆ. ಸಾದಾ, ಕಾಂಟ್ರಿಬ್ ಅನ್ನುವ ಹೆಚ್ಚುವರಿ ಭಾಗ ಸೇರಿದ್ದು, ಮತ್ತು ಈ ಎರಡರದೂ ವಿಂಡೋ ತೋರಿಸದ ಹೆಡ್‌ಲೆಸ್ ರೂಪ. ಹೆಸರು ನಾಲ್ಕು, ಆದರೆ ನಾಲ್ಕೂ ಇಳಿಯುವುದು ಸಿವಿ2 ಅನ್ನುವ ಒಂದೇ ಫೋಲ್ಡರಿಗೆ. ನೀವು ಸಾದಾ ಹಾಕಿಕೊಂಡಿರುತ್ತೀರಿ, ಇನ್ಯಾವುದೋ ಪ್ಯಾಕೇಜ್ ಹೆಡ್‌ಲೆಸ್ ತರುತ್ತದೆ. ಒಂದರ ಫೈಲುಗಳ ಮೇಲೆ ಇನ್ನೊಂದು ಬರೆದುಬಿಡುತ್ತದೆ. ವಿಂಡೋ ತೋರಿಸುವ ಫಂಕ್ಷನ್ ಇದ್ದಕ್ಕಿದ್ದಂತೆ ಮಾಯ. "ಪಿಪ್ ಚೆಕ್" ಹಾಕಿದರೆ ಎಲ್ಲಾ ಸರಿ ಇದೆ ಅನ್ನುತ್ತದೆ, ಯಾಕೆಂದರೆ ಅದು ನೋಡುವುದು ಹೆಸರು ಮತ್ತು ವರ್ಷನ್ ಮಾತ್ರ. ಇಲ್ಲಿ ಅಂಥ ನಾಲ್ಕರಲ್ಲಿ ಇರುವಷ್ಟನ್ನೂ ತೆಗೆದು, ಒಂದನ್ನು ಮಾತ್ರ ಹಾಕಿ. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ತೆಗೆದದ್ದು ಹೋಗುವಾಗ ಇಬ್ಬರ ಪಾಲಿನ ಫೈಲನ್ನೂ ಹೊತ್ತುಕೊಂಡು ಹೋಗಿರುತ್ತದೆ.

ವರ್ಷನ್ ಕಟ್ಟಿಹಾಕುವುದೋ, ಉಳಿದವನ್ನು ಮೇಲೆತ್ತುವುದೋ

ಒಂದೇ ಪ್ರಾಜೆಕ್ಟ್ ಒಳಗೆ ಜಗಳ ಇದ್ದರೆ ವೆನ್ವ್, ಕಾಂಡಾ ಏನೂ ಕೆಲಸಕ್ಕೆ ಬರುವುದಿಲ್ಲ. ಕೋಣೆ ಬೇರೆ ಮಾಡಿದರೂ ಜಗಳವಾಡುವ ಇಬ್ಬರೂ ಅದೇ ಕೋಣೆಯಲ್ಲಿ ಇದ್ದಾರಲ್ಲ. ಅಲ್ಲಿ ಮುಖ್ಯವಾಗಿ ಎರಡು ದಾರಿ.

ಬೇಗ ಆಗುವುದು ನಂಪೈಯನ್ನು 2ಕ್ಕಿಂತ ಕೆಳಗೆ ಕಟ್ಟಿಹಾಕುವುದು. ಪಿಪ್ ಇನ್‌ಸ್ಟಾಲ್ ಮಾಡುವಾಗ ನಂಪೈ<2 ಅನ್ನಬೇಕು. ಆದರೆ ಅದನ್ನು ಕೊಟೇಶನ್ ಚಿಹ್ನೆಯ ಒಳಗೆ ಬರೆಯಿರಿ. ಕೊಟೇಶನ್ ಬಿಟ್ಟರೆ ಶೆಲ್ ಆ ಚಿಹ್ನೆಯನ್ನು ಫೈಲಿನಿಂದ ಓದು ಅನ್ನುವ ಆದೇಶ ಅಂದುಕೊಳ್ಳುತ್ತದೆ, 2 ಅನ್ನುವ ಫೈಲ್ ಇಲ್ಲ ಅಂತ ದೂರುತ್ತದೆ. ಇದಾದರೂ ವಾಸಿ, ತಪ್ಪು ಅಂತ ಗೊತ್ತಾಗುತ್ತದೆ. >= ಬಳಸಿದಾಗ ಮೋಸ ಜಾಸ್ತಿ. ನಂಪೈ>=1.26 ಅಂತ ಕೊಟೇಶನ್ ಇಲ್ಲದೆ ಬರೆದರೆ ಶೆಲ್ ಸದ್ದಿಲ್ಲದೆ =1.26 ಅನ್ನುವ ಹೆಸರಿನ ಫೈಲ್ ಮಾಡಿ, ಪಿಪ್ ಹೇಳಿದ್ದನ್ನೆಲ್ಲಾ ಅದರೊಳಗೆ ತುಂಬುತ್ತದೆ. ವರ್ಷನ್ ಷರತ್ತು ಪಿಪ್‌ಗೆ ತಲುಪುವುದೇ ಇಲ್ಲ. ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಸಮ ಚಿಹ್ನೆಯಿಂದ ಶುರುವಾಗುವ ಫೈಲ್ ಇದೆಯಾ ಅಂತ ಒಮ್ಮೆ ನೋಡಿ. ಎಷ್ಟೋ ಜನರ ಗಿಟ್ ರೆಪಾಸಿಟರಿಯಲ್ಲೂ ಅದು ಹೋಗಿ ಕೂತಿರುತ್ತದೆ.

ಎರಡನೆಯ ದಾರಿ ಹಳೆಯ ಲೈಬ್ರರಿಗಳನ್ನು ಮೇಲೆತ್ತುವುದು. ನನ್ನ ಒಲವು ಇದರ ಕಡೆಗೇ. ಕಾರಣ ಇದೆ. ನಂಪೈ 2.0 ಇಟ್ಟುಕೊಂಡು ಕಂಪೈಲ್ ಮಾಡಿದ ಲೈಬ್ರರಿ 1.x ಮೇಲೂ ಓಡುತ್ತದೆ, ತಿರುಗುಮುರುಗಾಗಿ ಮಾತ್ರ ಓಡುವುದಿಲ್ಲ. ಅಂದರೆ ಪಾಂಡಾಸ್, ಸೈಪೈ ಮೊದಲಾದವನ್ನು ಹೊಸದು ಮಾಡಿಕೊಂಡರೆ ನಂಪೈ ಯಾವ ಕಡೆ ಇದ್ದರೂ ಜಗಳ ಕಡಿಮೆ. ನಿಮ್ಮದೇ ಕೋಡಿನಲ್ಲಿ ಹಳೆ ಹೆಸರುಗಳು ಉಳಿದಿದ್ದರೆ ರಫ್ ಅನ್ನುವ ಟೂಲಿನಲ್ಲಿ ಎನ್‌ಪಿವೈ201 ಅನ್ನುವ ರೂಲ್ ಹಾಕಿ ಓಡಿಸಿ, ಬದಲಾಯಿಸಬೇಕಾದ್ದನ್ನು ಅದು ತೋರಿಸುತ್ತದೆ, ಬಹುಪಾಲು ತಾನೇ ಬದಲಾಯಿಸುತ್ತದೆ. ಎನ್‌ಪಿ ಡಾಟ್ ಫ್ಲೋಟ್ ಇಲ್ಲ ಅನ್ನುವ ಎರರ್ ಬಂದರೆ ಅದು ನಂಪೈ 2ರ ತಪ್ಪಲ್ಲ. ಅದನ್ನು 1.24ರಲ್ಲೇ ತೆಗೆದಿದ್ದರು.

ಕಟ್ಟಿಹಾಕುವುದು ಯಾವಾಗ ಸರಿ? ನಿಮಗೆ ಬೇಕಾದ ಲೈಬ್ರರಿಯನ್ನು ಯಾರೂ ನೋಡಿಕೊಳ್ಳುತ್ತಿಲ್ಲ, ಹೊಸ ವರ್ಷನ್ ಬರುವ ಲಕ್ಷಣವೇ ಇಲ್ಲ ಅಂದಾಗ. ಅಥವಾ ನಾಳೆ ಬೆಳಿಗ್ಗೆ ಡೆಮೊ ಇದ್ದಾಗ.

ಹಳೆಯ ಪಿಪ್ ಬಗ್ಗೆ ಒಂದು ಮಾತು. 2020ರ ಕೊನೆಯಲ್ಲಿ ಬಂದ 20.3ಕ್ಕಿಂತ ಮುಂಚಿನ ಪಿಪ್, ಒಂದೇ ಪ್ಯಾಕೇಜನ್ನು ಇಬ್ಬರು ಬೇರೆ ಬೇರೆ ಷರತ್ತಿನಲ್ಲಿ ಕೇಳಿದರೆ ಮೊದಲು ಕೇಳಿದವರ ಮಾತು ನಡೆಸಿ ಸುಮ್ನೆ ಮುಂದೆ ಹೋಗುತ್ತಿತ್ತು. ಈಗಿನದು ಎಲ್ಲರಿಗೂ ಒಪ್ಪುವ ವರ್ಷನ್ ಹುಡುಕುತ್ತದೆ, ಸಿಗದಿದ್ದರೆ ಆಗಲ್ಲ ಅನ್ನುತ್ತದೆ. ಆದರೆ ಅದು ಪೂರ್ತಿ ನೋಡುವುದು ಆ ಒಂದು ಆದೇಶದಲ್ಲಿ ಇರುವ ಪ್ಯಾಕೇಜುಗಳನ್ನು. ಮೊದಲೇ ಇರುವವಕ್ಕೆ ತೊಂದರೆಯಾದರೆ ಒಂದು ಎಚ್ಚರಿಕೆ ಸಾಲು ಬರೆದು ಇನ್‌ಸ್ಟಾಲ್ ಮಾಡಿಯೇ ಬಿಡುತ್ತದೆ. ಹಾಗಾಗಿ ಒಂದೊಂದಾಗಿ ಹಾಕಬೇಡಿ. ಬೇಕಾದ್ದೆಲ್ಲಾ ಒಂದು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದು ಒಟ್ಟಿಗೆ ಕೊಡಿ.

ವೆನ್ವ್: ಬಹುತೇಕ ಜನರಿಗೆ ಇಷ್ಟೇ ಸಾಕು

ಎರಡು ಪ್ರಾಜೆಕ್ಟ್, ಎರಡಕ್ಕೂ ಬೇರೆ ನಂಪೈ ಬೇಕು. ಇದಕ್ಕೆ ವೆನ್ವ್ ಇದೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದು ಪೈಥಾನ್ ಜೊತೆಗೇ ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಮಾತ್ರ ಪೈಥಾನ್3-ವೆನ್ವ್ ಅನ್ನುವ ಪ್ಯಾಕೇಜನ್ನು ಆಪ್ಟ್‌ನಿಂದ ಬೇರೆ ಹಾಕಿಕೊಳ್ಳಬೇಕಾಗುತ್ತದೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿ "ಪೈಥಾನ್3 -ಎಂ ವೆನ್ವ್ ಡಾಟ್ ವೆನ್ವ್" ಅನ್ನಿ, ಆಕ್ಟಿವೇಟ್ ಮಾಡಿ, ಪಿಪ್ ಬಳಸಿ. ಅಷ್ಟೇ. ಡಾಟ್ ಲೋಕಲ್‌ನಲ್ಲಿ ಇರುವುದು ಇದರೊಳಗೆ ಕಾಣುವುದಿಲ್ಲ.

ಇದು ಈಗ ಇಷ್ಟದ ಮಾತಾಗಿಯೂ ಉಳಿದಿಲ್ಲ. ಡೆಬಿಯನ್ 12, ಉಬುಂಟು 23.04ರಿಂದ ಈಚೆಗೆ ಸಿಸ್ಟಂ ಪೈಥಾನ್‌ಗೆ ಪಿಪ್‌ನಿಂದ ಏನಾದರೂ ಹಾಕಲು ಹೋದರೆ ಇದನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ ಅಂತ ತಡೆಯುತ್ತದೆ. ಆ ತಡೆಯನ್ನು ಮುರಿಯುವ ಆಯ್ಕೆಯೂ ಇದೆ, ಹೆಸರೇ ಬ್ರೇಕ್ ಸಿಸ್ಟಂ ಪ್ಯಾಕೇಜಸ್. ಅಷ್ಟು ಬಿಡಿಸಿ ಹೆಸರಿಟ್ಟ ಮೇಲೂ ಜನ ಅದನ್ನು ಕಾಪಿ ಪೇಸ್ಟ್ ಮಾಡುತ್ತಾರೆ ಅಂದರೆ ಏನು ಹೇಳೋಣ.

ವೆನ್ವ್‌ಗೆ ಮಿತಿಗಳಿವೆ. ಅದು ಪೈಥಾನ್ ಪ್ಯಾಕೇಜುಗಳನ್ನು ಮಾತ್ರ ಬೇರೆ ಮಾಡುತ್ತದೆ. ಪೈಥಾನ್ 3.10 ಇರುವ ಮಷಿನ್‌ನಲ್ಲಿ 3.12 ಕೊಡು ಅಂದರೆ ಕೊಡುವುದಿಲ್ಲ. ಸಿಸ್ಟಂನ ಸಿ ಲೈಬ್ರರಿಗಳ ಮೇಲೆ ಅದಕ್ಕೆ ಹಿಡಿತ ಇಲ್ಲ. ಅದರೊಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ದಾರಿ ಬರೆದಿರುತ್ತದೆ, ಹಾಗಾಗಿ ಪೆನ್‌ಡ್ರೈವ್‌ಗೆ ಹಾಕಿ ಗೆಳೆಯನಿಗೆ ಕೊಟ್ಟರೆ ಓಡುವುದಿಲ್ಲ. ಕೊಡಬೇಕಾದ್ದು ರಿಕ್ವೈರ್‌ಮೆಂಟ್ಸ್ ಫೈಲನ್ನು.

ಆರ್‌ಒಎಸ್ ಬಳಸುವವರು ಸ್ವಲ್ಪ ಬೇರೆ ಥರ ಮಾಡಬೇಕು. ಅದರ ಪೈಥಾನ್ ಭಾಗಗಳು ಸಿಸ್ಟಂನಲ್ಲೇ ಇರುವುದರಿಂದ ಸಿಸ್ಟಂ ಸೈಟ್ ಪ್ಯಾಕೇಜಸ್ ಅನ್ನುವ ಆಯ್ಕೆ ಕೊಟ್ಟು ವೆನ್ವ್ ಮಾಡಿ. ಆಗ ಸಿಸ್ಟಂನವು ಕಾಣುತ್ತವೆ, ಆದರೆ ನೀವು ಒಳಗೆ ಹಾಕಿದ ನಂಪೈ ಆಪ್ಟ್ ಹಾಕಿದ ನಂಪೈಗಿಂತ ಮುಂದೆ ನಿಲ್ಲುತ್ತದೆ.

ಯುವಿ, ಪೊಯೆಟ್ರಿ: ಲಾಕ್ ಫೈಲ್ ಬೇಕು ಅನ್ನುವವರಿಗೆ

ವೆನ್ವ್ ಇವತ್ತಿನ ಜಗಳ ಬಿಡಿಸುತ್ತದೆ. ಆರು ತಿಂಗಳ ನಂತರ ಅದೇ ರಿಕ್ವೈರ್‌ಮೆಂಟ್ಸ್ ಫೈಲಿನಿಂದ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಬೇರೆ ವರ್ಷನ್‌ಗಳು ಬಂದು ಕೂತರೆ? ನಂಪೈ 2.0 ಬಿಡುಗಡೆಯಾದಾಗ ಪೆಟ್ಟು ತಿಂದವರಲ್ಲಿ ಹೆಚ್ಚಿನವರು, ಫೈಲಿನಲ್ಲಿ ಬರೀ ನಂಪೈ ಅಂತ ಬರೆದು ಬಿಟ್ಟವರು. ಲಾಕ್ ಫೈಲ್ ಅಂದರೆ ನೇರವಾಗಿ ಕೇಳಿದ್ದು, ಅವುಗಳ ಬೆನ್ನಿಗೆ ಬಂದದ್ದು, ಎಲ್ಲದರ ನಿಖರ ವರ್ಷನ್ ಬರೆದಿಡುವ ಫೈಲ್. ಟೀಮಿನ ಎಲ್ಲರಿಗೂ ಅದೇ ಸಿಗುತ್ತದೆ.

ಇಂಥ ಲಾಕ್ ಫೈಲ್ ಮಾಡಿಕೊಡುವ ಟೂಲ್‌ಗಳಲ್ಲಿ ಪೊಯೆಟ್ರಿ 2018ರಿಂದ ಇದೆ, ಯುವಿ 2024ರ ಫೆಬ್ರವರಿಯಲ್ಲಿ ಬಂತು. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಯುವಿ ಹೇಳುತ್ತೇನೆ. ರಸ್ಟ್‌ನಲ್ಲಿ ಬರೆದದ್ದು, ವೇಗ ಕಣ್ಣಿಗೆ ಕಾಣುವಷ್ಟಿದೆ. ಅದಕ್ಕಿಂತ ಮುಖ್ಯವಾದ ಎರಡು ಕಾರಣಗಳಿವೆ. ಬೇಕಾದ ಪೈಥಾನ್ ವರ್ಷನ್ ಅನ್ನು ತಾನೇ ಇಳಿಸಿಕೊಳ್ಳುತ್ತದೆ, ಅಡ್ಮಿನ್ ಪಾಸ್‌ವರ್ಡ್ ಬೇಡ. ಕಾಲೇಜಿನ ಲ್ಯಾಬ್ ಮಷಿನ್‌ನಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಇನ್ನೊಂದು, ಒಂದೇ ವರ್ಷನ್ ಅನ್ನು ಐದು ಪ್ರಾಜೆಕ್ಟಿನಲ್ಲಿ ಹಾಕಿದರೂ ಡಿಸ್ಕ್‌ನಲ್ಲಿ ಇರುವುದು ಒಂದೇ ಪ್ರತಿ, ಉಳಿದ ಕಡೆ ಅದನ್ನೇ ಹಂಚಿಕೊಳ್ಳುತ್ತವೆ. ಕ್ಯಾಶ್ ಮತ್ತು ಪ್ರಾಜೆಕ್ಟ್ ಒಂದೇ ಡ್ರೈವ್‌ನಲ್ಲಿ ಇರಬೇಕು ಅಷ್ಟೇ. ಮಷಿನ್ ಲರ್ನಿಂಗ್ ಲೈಬ್ರರಿ ಪೈಟಾರ್ಚ್ ಜಿಪಿಯು ಸೇರಿದರೆ ಹಲವು ಜಿಬಿ ತಿನ್ನುತ್ತದೆ. 256 ಜಿಬಿ ಲ್ಯಾಪ್‌ಟಾಪ್ ಇರುವವರಿಗೆ ಇದರ ಬೆಲೆ ಗೊತ್ತು.

ಒಳ ಜಗಳಕ್ಕೂ ಯುವಿಯಲ್ಲಿ ಒಂದು ಆಯುಧ ಇದೆ, ಓವರ್‌ರೈಡ್. ಒಂದು ಲೈಬ್ರರಿ ನಂಪೈ 2 ಬೇಡ ಅಂತ ಬರೆದುಕೊಂಡಿದೆ, ಆದರೆ ನೀವು ಓಡಿಸಿ ನೋಡಿದಾಗ ಸರಿಯಾಗೇ ಇದೆ ಅಂದುಕೊಳ್ಳಿ. ಆಗ ಅದರ ಮಾತು ಕೇಳಬೇಡ, ನಾನು ಹೇಳಿದ ವರ್ಷನ್ ಹಾಕು ಅನ್ನಬಹುದು. ಪಿಪ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ನೋ ಡೆಪ್ಸ್ ಆಯ್ಕೆ, ಅದು ಯಾವ ಅವಲಂಬನೆಯನ್ನೂ ತರದೆ ಆ ಪ್ಯಾಕೇಜನ್ನು ಮಾತ್ರ ಹಾಕುತ್ತದೆ. ಲೈಬ್ರರಿ ಬರೆದವರು ಸುಮ್ಮನೆ ಎಚ್ಚರಿಕೆಗೆ ಮಿತಿ ಹಾಕಿದ್ದರೆ ಓವರ್‌ರೈಡ್ ಕೆಲಸ ಮಾಡುತ್ತದೆ. ಸಿ ಕೋಡ್ ಮಟ್ಟದ ಜಗಳಕ್ಕೆ ಅಲ್ಲ. 96 ಬೈಟ್ ಬೇಕು ಅನ್ನುವವನಿಗೆ ಯಾವ ಓವರ್‌ರೈಡ್ ಹಾಕಿದರೂ 88 ಸಾಲುವುದಿಲ್ಲ.

ಪೊಯೆಟ್ರಿಯಲ್ಲಿ ಈಗಾಗಲೇ ನಡೆಯುತ್ತಿರುವ ಪ್ರಾಜೆಕ್ಟ್ ಇದ್ದರೆ ಬದಲಾಯಿಸುವ ಆತುರ ಬೇಡ.

ಕಾಂಡಾ: ಜಗಳ ಪೈಥಾನ್‌ನ ಹೊರಗೆ ಇದ್ದಾಗ

ಜಿಡಾಲ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮ್ಯಾಪ್, ಉಪಗ್ರಹ ಚಿತ್ರಗಳ ಕೆಲಸಕ್ಕೆ ಬೇಕಾಗುವ ಸಿ++ ಲೈಬ್ರರಿ ಅದು. ಪಿಪ್‌ನಿಂದ ಅದರ ಪೈಥಾನ್ ಭಾಗ ಹಾಕಲು ಹೋದರೆ ಅದು ಮಷಿನ್‌ನಲ್ಲಿ ಇರುವ ಜಿಡಾಲ್ ಹುಡುಕಿ, ಅದರ ಜೊತೆ ಕಂಪೈಲ್ ಆಗಲು ನೋಡುತ್ತದೆ. ಎರಡರ ವರ್ಷನ್ ಹೊಂದದಿದ್ದರೆ ಮುಗಿಯಿತು. ವೆನ್ವ್‌ಗೆ ಇದರಲ್ಲಿ ಕೈ ಹಾಕಲು ಬರುವುದಿಲ್ಲ. ಕಾಂಡಾ ಸಿ++ ಲೈಬ್ರರಿಯನ್ನೂ ಪೈಥಾನನ್ನೂ ಒಟ್ಟಿಗೆ ತಂದು ಒಂದೇ ಎನ್‌ವಿರಾನ್‌ಮೆಂಟ್‌ನಲ್ಲಿ ಇಡುತ್ತದೆ. ಆರ್ ಭಾಷೆ, ಫೋರ್ಟ್ರಾನ್ ಕಂಪೈಲರ್ ಕೂಡ ತರಬಲ್ಲದು.

ಕಾಂಡಾ ಅಂದರೆ ನಿಧಾನ ಅನ್ನುವ ದೂರು ಹಳೆಯದು. 2023ರ 23.10 ವರ್ಷನ್‌ನಿಂದ ಹೊಂದುವ ವರ್ಷನ್ ಹುಡುಕುವ ಅದರ ಸಾಲ್ವರ್ ಬದಲಾಗಿ ಲಿಬ್‌ಮಾಂಬಾ ಬಂದಿದೆ, ಈಗ ಆ ದೂರಿಗೆ ಅರ್ಥ ಇಲ್ಲ. ಆಫೀಸಿನಲ್ಲಿ ಬಳಸುವವರು ಬೇರೆ ಒಂದು ವಿಷಯ ನೋಡಿಕೊಳ್ಳಬೇಕು. ಕಾಂಡಾ ಪ್ಯಾಕೇಜ್ ತರುವ, ಅನಕಾಂಡಾ ಕಂಪನಿಯ ಡಿಫಾಲ್ಟ್ ಚಾನೆಲ್‌ಗೆ ದೊಡ್ಡ ಸಂಸ್ಥೆಗಳು ಹಣ ಕಟ್ಟಬೇಕಾಗುತ್ತದೆ. ಅದರ ಬದಲು ಮಿನಿಫೋರ್ಜ್ ಹಾಕಿಕೊಂಡರೆ ಅದು ಕಾಂಡಾ-ಫೋರ್ಜ್ ಚಾನೆಲ್‌ನಿಂದ ತರುತ್ತದೆ, ಆ ತಕರಾರು ಇಲ್ಲ. ಪೈಟಾರ್ಚ್‌ಗೋಸ್ಕರ ಕಾಂಡಾ ಬೇಕು ಅನ್ನುವ ಕಾಲವೂ ಹೋಯಿತು. 2.5ರ ನಂತರ ಪೈಟಾರ್ಚ್‌ನವರು ತಮ್ಮ ಅಧಿಕೃತ ಕಾಂಡಾ ಪ್ಯಾಕೇಜ್ ನಿಲ್ಲಿಸಿದ್ದಾರೆ, ಪಿಪ್‌ನಿಂದ ಹಾಕಿ ಅನ್ನುತ್ತಾರೆ.

ಕಾಂಡಾದಲ್ಲಿ ಜನ ಎಡವುವುದು ಎರಡು ಕಡೆ. ಕಾಂಡಾ, ಪಿಪ್ ಎರಡನ್ನೂ ಅದಲು ಬದಲು ಹಾಕುತ್ತಾ ಹೋದರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದೆ ನಂಪೈ ಅರ್ಧ ಹಳತು ಅರ್ಧ ಹೊಸದು ಆಗುತ್ತದೆ. ಕಾಂಡಾದಿಂದ ಹಾಕಬೇಕಾದ್ದೆಲ್ಲಾ ಮೊದಲು, ಪಿಪ್ ಕೊನೆಗೆ. ಅದಾದ ಮೇಲೆ ಕಾಂಡಾಗೆ ಹಿಂತಿರುಗಬೇಡಿ. ಬದಲಾವಣೆ ಬೇಕಾದರೆ ಹೊಸ ಎನ್‌ವಿರಾನ್‌ಮೆಂಟ್ ಮಾಡಿ. ಇನ್ನೊಂದು ಎಡವಟ್ಟು ಕಣ್ಣಿಗೆ ಬೀಳುವುದೇ ಇಲ್ಲ. ವೆನ್ವ್ ಹಾಗಲ್ಲದೆ, ಕಾಂಡಾ ಎನ್‌ವಿರಾನ್‌ಮೆಂಟ್ ಡಾಟ್ ಲೋಕಲ್ ಒಳಗೆ ಇಣುಕುತ್ತದೆ. ಅಲ್ಲಿ ಪೈಥಾನ್ 3.10ರ ನಂಪೈ ಇದ್ದು, ಕಾಂಡಾದಲ್ಲೂ ಪೈಥಾನ್ 3.10 ಇದ್ದರೆ ಗೆಲ್ಲುವುದು ಡಾಟ್ ಲೋಕಲ್. ಹೊಚ್ಚ ಹೊಸ ಎನ್‌ವಿರಾನ್‌ಮೆಂಟ್ ಮಾಡಿದರೂ ಹಳೆ ಎರರ್ ಬೆನ್ನು ಬಿಡದಿದ್ದರೆ ಇಲ್ಲಿ ನೋಡಿ. ಪೈಥಾನ್‌ನೋಯೂಸರ್‌ಸೈಟ್ ಅನ್ನುವ ವೇರಿಯಬಲ್‌ಗೆ 1 ಕೊಟ್ಟರೆ ಇಣುಕುವುದು ನಿಲ್ಲುತ್ತದೆ.

ಡಾಕರ್, ಮತ್ತು ಎರಡು ಪ್ರೊಸೆಸ್

ಬರೀ ನಂಪೈ ಜಗಳಕ್ಕೆ ಡಾಕರ್ ಜಾಸ್ತಿಯಾಯಿತು. ಅದರ ಜಾಗ ಬೇರೆ. ನಿಮ್ಮ ಪ್ರೋಗ್ರಾಂ ಸರ್ವರ್‌ನಲ್ಲಿ ಓಡಬೇಕು, ಅಲ್ಲಿನ ಲಿನಕ್ಸ್ ಬೇರೆ, ಸಿ ಲೈಬ್ರರಿ ಬೇರೆ ಅಂದಾಗ ಆಪರೇಟಿಂಗ್ ಸಿಸ್ಟಂ ಸಮೇತ ಕಟ್ಟಿ ಕಳಿಸಬೇಕು. ಆಗ ಡಾಕರ್ ಬಳಸಿ, ಒಳಗೆ ಲಾಕ್ ಫೈಲ್ ಇಟ್ಟೇ ಬಳಸಿ. ಲಾಕ್ ಫೈಲ್ ಇಲ್ಲದೆ ಇಮೇಜ್ ಮತ್ತೆ ಬಿಲ್ಡ್ ಮಾಡಿದರೆ ಅದೇ ಜಗಳ ಡಬ್ಬಿಯ ಒಳಗೆ ಶುರುವಾಗುತ್ತದೆ. ಜಿಪಿಯು ಬೇಕಾದರೆ ಎನ್‌ವಿಡಿಯಾದ ಕಂಟೇನರ್ ಟೂಲ್‌ಕಿಟ್ ಬೇರೆ ಹಾಕಬೇಕು. ಲ್ಯಾಬ್ ಮಷಿನ್‌ಗಳಲ್ಲಿ ಡಾಕರ್‌ಗೆ ಅನುಮತಿ ಸಿಗುವುದೂ ಕಷ್ಟ, ಯಾಕೆಂದರೆ ಡಾಕರ್ ಗುಂಪಿಗೆ ಸೇರಿಸುವುದು ಹೆಚ್ಚುಕಮ್ಮಿ ರೂಟ್ ಅಧಿಕಾರ ಕೊಟ್ಟ ಹಾಗೆ.

ಇನ್ನೊಂದು ದಾರಿಯನ್ನು ಜನ ಮರೆತೇಬಿಡುತ್ತಾರೆ. ಒಂದೇ ಪ್ರಾಜೆಕ್ಟಿನಲ್ಲಿ ನಂಪೈ 1.26 ಮಾತ್ರ ಒಪ್ಪುವ ಹಳೆ ಮಾಡೆಲ್ ಇದೆ, ಉಳಿದದ್ದಕ್ಕೆಲ್ಲಾ 2.x ಬೇಕು, ಎರಡನ್ನೂ ಬಿಡಲು ಆಗುವುದಿಲ್ಲ. ಆಗ ಹಳೆ ಮಾಡೆಲ್ ಅನ್ನು ಅದರದೇ ವೆನ್ವ್‌ನಲ್ಲಿ ಬೇರೆ ಪ್ರೋಗ್ರಾಂ ಆಗಿ ಓಡಿಸಿ. ಮುಖ್ಯ ಪ್ರೋಗ್ರಾಂ ಸಬ್‌ಪ್ರೊಸೆಸ್ ಮೂಲಕ ಆ ವೆನ್ವ್‌ನ ಪೈಥಾನನ್ನು ಕರೆಯಲಿ. ಆಕ್ಟಿವೇಟ್ ಮಾಡುವ ಅಗತ್ಯವೂ ಇಲ್ಲ, ಆ ಪೈಥಾನ್ ಫೈಲಿನ ಪೂರ್ತಿ ದಾರಿ ಕೊಟ್ಟರೆ ಸಾಕು. ಡೇಟಾವನ್ನು ಸಿಎಸ್‌ವಿ, ಪಾರ್ಕೆ ಅಥವಾ ಜೇಸನ್‌ನಲ್ಲಿ ದಾಟಿಸಿ. ಪೈಥಾನ್ ತನ್ನ ಡೇಟಾ ಉಳಿಸಿಡುವ ಪಿಕಲ್ ರೂಪ ಬಳಸಬೇಡಿ. ನಂಪೈ 2ರಲ್ಲಿ ಪಿಕಲ್ ಮಾಡಿದ ಅರೇ ತನ್ನ ಮಾಡ್ಯೂಲಿನ ಹೊಸ ಒಳ ಹೆಸರನ್ನು ಹೊತ್ತಿರುತ್ತದೆ, ಹಳೆ ನಂಪೈಗಳಲ್ಲಿ ಎಷ್ಟೋ ವರ್ಷನ್‌ಗೆ ಆ ಹೆಸರೇ ಗೊತ್ತಿಲ್ಲ.

ಗೋಡೆ ಕಟ್ಟಿದ ಮೇಲೆ ಹಳೆ ರಾಶಿ

ಯಾವುದನ್ನೇ ಆರಿಸಿ, ಡಾಟ್ ಲೋಕಲ್‌ನಲ್ಲಿ ಬಿದ್ದಿರುವ ಪ್ಯಾಕೇಜುಗಳನ್ನು ಹಾಗೇ ಬಿಡಬೇಡಿ. ನೇರವಾಗಿ ಅಳಿಸುವುದೂ ಬೇಡ. ಅದರೊಳಗಿನ ಲಿಬ್ ಫೋಲ್ಡರಿನಲ್ಲಿ ಪೈಥಾನ್3.10 ಅಂತ ಇರುವುದರ ಹೆಸರಿನ ಹಿಂದೆ ಹಳೇದು ಅಂತ ಏನಾದರೂ ಸೇರಿಸಿ, ಕೆಲವು ದಿನ ಕೆಲಸ ಮಾಡಿ. ಯಾವುದಾದರೂ ಆದೇಶ ಓಡುವುದು ನಿಂತರೆ ಅದು ನೀವು ಎಂದೋ ಪಿಪ್‌ನಿಂದ ಹಾಕಿದ ಟೂಲ್, ಉದಾಹರಣೆಗೆ ಜುಪಿಟರ್ ಅಥವಾ ಯೂಟ್ಯೂಬ್ ಇಳಿಸುವ ಸ್ಕ್ರಿಪ್ಟ್. ಅಂಥವನ್ನು ಪಿಪ್‌ಎಕ್ಸ್‌ನಿಂದ ಹಾಕಿಕೊಳ್ಳಿ, ಪ್ರತಿ ಟೂಲಿಗೂ ಅದು ಬೇರೆ ಬೇರೆ ವೆನ್ವ್ ಮಾಡುತ್ತದೆ. ಯುವಿ ಇದ್ದರೆ "ಯುವಿ ಟೂಲ್ ಇನ್‌ಸ್ಟಾಲ್" ಅದೇ ಕೆಲಸ ಮಾಡುತ್ತದೆ. ಎಲ್ಲಾ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ಹೆಸರು ಬದಲಿಸಿಟ್ಟ ಫೋಲ್ಡರನ್ನು ಅಳಿಸಿ.